ಹೊರೆಗೆ ತಕ್ಕ ಸ್ವಿಚ್ಚು

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆಯಿದೆ. 1984ರಲ್ಲಿ ಆರಂಭವಾದ ಈ ಕಾರ್ಖಾನೆಯಲ್ಲಿ ಹಳೆಯ ಉಕ್ಕಿನ ಚೂರುಗಳನ್ನು ವಿದ್ಯುತ್ ಚಾಪದ ಕುಲುಮೆಯಲ್ಲಿ ಕರಗಿಸಿ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ಗಾಳಿಯ ಸಂದಿನಲ್ಲಿ ಪ್ರವಾಹ ಹಾಯುವಾಗ ಉಂಟಾಗುವ ಉಜ್ಜ್ವಲವಾದ ಕಿಡಿಯೇ ಚಾಪ. ಉಕ್ಕನ್ನು ನೀರಾಗಿಸುವ ಈ ಚಾಪವೇ, ಅಳತೆಯಲ್ಲಿ ಬಹು ಕಿರಿದಾಗಿ, ಮನೆಯ ಗೋಡೆಯ ಸ್ವಿಚ್ಚಿನೊಳಗೂ ಮಿಂಚಿ ಮಾಯವಾಗುತ್ತದೆ. ಕತ್ತಲಲ್ಲಿ ಫ್ಯಾನನ್ನು ಆರಿಸುವಾಗ ಕಾಣುವ ನೀಲಿ ಕಿಡಿ ಅದೇ.

ಸ್ವಿಚ್ಚೆಂದರೆ ಎರಡು ಲೋಹದ ತುಂಡುಗಳ ಕೂಡುವಿಕೆ ಮತ್ತು ಅಗಲುವಿಕೆ. ಕೂಡಿದ ಮೇಲೆ ಪ್ರವಾಹವನ್ನು ಹೊರುವುದು ಅವಕ್ಕೆ ಅಷ್ಟು ಕಷ್ಟವಲ್ಲ. ಕೂಡುವ ಮತ್ತು ಅಗಲುವ ಗಳಿಗೆಗಳೇ ಕಠಿನವಾದವು. ಆಗ ಏನು ನಡೆಯುವುದೆಂಬುದು ಸ್ವಿಚ್ಚಿಗೆ ಜೋಡಿಸಿದ ಉಪಕರಣದ, ಅಂದರೆ ಹೊರೆಯ, ಸ್ವಭಾವವನ್ನು ಅವಲಂಬಿಸಿದೆ.

ನೀರು ಕಾಯಿಸುವ ಹೀಟರು ಸಾಧುವಾದ ಹೊರೆ. ಅದು ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಪ್ರವಾಹವನ್ನು ಸೆಳೆಯುತ್ತದೆ. 2000 ವಾಟಿನ ಹೀಟರು ಸುಮಾರು 9 ಆಂಪಿಯರುಗಳನ್ನು ಬೇಡುವುದರಿಂದ 6 ಆಂಪಿಯರಿನ ಸ್ವಿಚ್ಚು ಸಲ್ಲದು, 16ರದು ಬೇಕು. ತಂತಿಯ ಬಲ್ಬು ಹಾಗಲ್ಲ. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ರೋಧ ಬಹಳ ಕಡಿಮೆಯಾದುದರಿಂದ ಮೊದಲ ಕ್ಷಣದಲ್ಲಿ ಹತ್ತು ಪಟ್ಟಿನಷ್ಟು ಪ್ರವಾಹ ನುಗ್ಗುತ್ತದೆ. ಮಿತವ್ಯಯಿಯೆಂದು ಹೆಸರಾದ ಎಲ್‌ಇಡಿ ದೀಪವೂ ತನ್ನೊಳಗಿನ ಕೆಪಾಸಿಟರು ತುಂಬುವಾಗ ಹೀಗೆಯೇ ವರ್ತಿಸುತ್ತದೆ. ವಾಟುಗಳನ್ನು ಮಾತ್ರ ಕೂಡಿಸಿ ಒಂದೇ ಸ್ವಿಚ್ಚಿಗೆ ಹತ್ತಾರು ದೀಪಗಳನ್ನು ಕಟ್ಟುವವರು ಮೋಸಹೋಗುತ್ತಾರೆ.

ಎಲ್ಲಕ್ಕಿಂತ ಹಟಮಾರಿಯಾದುದು ಮೋಟರು. ಕೊಳವೆಬಾವಿಯ ಪಂಪು ತಿರುಗತೊಡಗುವಾಗ ಆರೇಳು ಪಟ್ಟು ಪ್ರವಾಹವನ್ನು ಸೆಳೆಯುವುದುಂಟು. ನಿಲ್ಲಿಸುವಾಗಲೋ, ಸುರುಳಿಗಳ ಕಾಂತಕ್ಷೇತ್ರದಲ್ಲಿ ಅಡಗಿದ್ದ ಶಕ್ತಿಯು ಅಗಲುತ್ತಿರುವ ಲೋಹಗಳ ನಡುವೆ ಚಾಪವಾಗಿ ಹೊಮ್ಮುತ್ತದೆ. ಇಂಥ ಕಾವಿಗೆ ಲೋಹ ಕರಗಿ ಬೆಸೆದುಕೊಂಡರೆ ಗುಂಡಿ ಒತ್ತಿದರೂ ಯಂತ್ರ ನಿಲ್ಲದು. ಯಂತ್ರದ ಪಟ್ಟಿಗೆ ಕೈ ಸಿಕ್ಕಿಕೊಂಡ ಕೆಲಸಗಾರನ ಪಾಲಿಗೆ ಆಗ ಸ್ವಿಚ್ಚು ಇದ್ದೂ ಇಲ್ಲದಂತೆಯೇ.

ಆದುದರಿಂದ ಇಂಥ ಮೋಟರಿಗೆ ಕಾಂಟ್ಯಾಕ್ಟರುಳ್ಳ ಸ್ಟಾರ್ಟರನ್ನು ಜೋಡಿಸುತ್ತಾರೆ. ಕಾಂಟ್ಯಾಕ್ಟರಿನ ಮೇಲೆ ಆಂಪಿಯರಿನೊಡನೆ ಹೊರೆಯ ವರ್ಗವೂ ನಮೂದಾಗಿರುತ್ತದೆ: ಏಸಿ-1 ಹೀಟರಿನಂಥವಕ್ಕೆ, ಏಸಿ-3 ಮೋಟರಿಗೆ. ಏಸಿ-1ರಲ್ಲಿ 25 ಆಂಪಿಯರಿಗೆ ಯೋಗ್ಯವೆನಿಸಿದ ಕಾಂಟ್ಯಾಕ್ಟರು ಏಸಿ-3ರಲ್ಲಿ 9 ಆಂಪಿಯರಿಗೇ ನಿಲ್ಲುವುದುಂಟು. ದೊಡ್ಡ ಸಂಖ್ಯೆಯನ್ನಷ್ಟೇ ಓದಿ ಕೊಳ್ಳುವವರ ಪಂಪು ಕೆಲವು ತಿಂಗಳಲ್ಲೇ ಕೈಕೊಟ್ಟರೆ ಆಶ್ಚರ್ಯವಿಲ್ಲ.

ಮನೆಗೆ ಬರುವ ಪರ್ಯಾಯ ಪ್ರವಾಹವು ಸೆಕೆಂಡಿಗೆ 100 ಬಾರಿ ಶೂನ್ಯವನ್ನು ಮುಟ್ಟುವುದರಿಂದ ಚಾಪಕ್ಕೆ ನಂದಲು ಅವಕಾಶವುಂಟು. ಮಾಳಿಗೆಯ ಸೌರಫಲಕಗಳ ನೇರ ಪ್ರವಾಹಕ್ಕೆ ಈ ಬಿಡುವಿಲ್ಲ. ಅದಕ್ಕೆಂದೇ ತಯಾರಿಸಿದ ಸ್ವಿಚ್ಚನ್ನೇ ಹಾಕಬೇಕು.

ಬೆಂಗಳೂರಿನ ಸದಾಶಿವನಗರದಲ್ಲಿರುವ, 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಸರ್ಕ್ಯೂಟ್ ಬ್ರೇಕರುಗಳ ಮೂಲಕ ಶಾರ್ಟ್ ಸರ್ಕ್ಯೂಟಿನ ಮಹಾಪ್ರವಾಹವನ್ನು ಬೇಕೆಂದೇ ಹರಿಸಿ, ಅದನ್ನು ಅವು ಕಡಿಯಬಲ್ಲವೇ ಎಂದು ಪರೀಕ್ಷಿಸುತ್ತಾರೆ.