ನೇತ್ರಾಣಿಯ ಹವಳದ ದಂಡೆ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಅಣ್ಣನ ಮಗಳು ಹವಾಯಿ ದ್ವೀಪಗಳಿಗೆ ಹೋಗಿಬಂದು ಬರೆದ ಪತ್ರವೊಂದು ಈ ಪ್ರಯಾಣಕ್ಕೆ ಮೂಲವಾಯಿತು. ಹೊನೊಲುಲು ಪಟ್ಟಣದ ಸಮೀಪದಲ್ಲಿ ಹನೌಮಾ ಎಂಬ ಕೊಲ್ಲಿಯೊಂದುಂಟು. ಪೂರ್ವದಲ್ಲಿ ಅದು ಬೆಂಕಿಯುಗುಳಿದ ಬೆಟ್ಟದ ಬಾಯಿ. ಕಾಲಕ್ರಮದಲ್ಲಿ ಅದರ ಒಂದು ಗೋಡೆಯನ್ನು ಸಮುದ್ರವು ತಿಂದು ಒಳನುಗ್ಗಿದುದರಿಂದ, ಬಟ್ಟಲಿನ ಆಕಾರದ ಶಾಂತವಾದ ಕಡಲು ಅಲ್ಲಿ ಉಂಟಾಗಿದೆ. ಮೂಗನ್ನು ಮುಚ್ಚುವ ಕನ್ನಡಕವೊಂದನ್ನು ಧರಿಸಿ, ಸ್ನಾರ್ಕೆಲ್ ಎಂಬ ಉಸಿರಿನ ಕೊಳವೆಯನ್ನು ಬಾಯಲ್ಲಿ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಹವಳಗಳನ್ನೂ ಮೀನುಗಳನ್ನೂ ನೋಡುವುದು ಅಲ್ಲಿಗೆ ಹೋದವರ ಮುಖ್ಯವಾದ ವಿನೋದ. ೧೯೬೭ರಿಂದ ಆ ಕೊಲ್ಲಿಯು ಕಾನೂನಿನ ರಕ್ಷಣೆಯಲ್ಲಿದೆ. ಮೊದಲ ಸಲ ಬಂದವರು ಒಂಬತ್ತು ನಿಮಿಷದ ಚಲಚ್ಚಿತ್ರವೊಂದನ್ನು ನೋಡಿ, ಹವಳವನ್ನು ಮುಟ್ಟಕೂಡದು, ತುಳಿಯಕೂಡದು ಎಂಬ ಪಾಠವನ್ನು ಕೇಳಿದ ಮೇಲೆಯೇ ಮರಳಿಗೆ ಇಳಿಯತಕ್ಕದ್ದು. ವಾರದಲ್ಲಿ ಎರಡು ದಿನ ಬಾಗಿಲು ಮುಚ್ಚಿ ಮೀನುಗಳಿಗೆ ಬಿಡುವು ಕೊಡುವರಂತೆ. "ಇಲ್ಲಿ ಮೀನು ನೋಡಬೇಕಾದರೂ ಪಾಠಶಾಲೆಗೆ ಹೋಗಬೇಕು, ಚಿಕ್ಕಪ್ಪಾ" ಎಂದು ಹುಡುಗಿ ಬರೆದಿದ್ದಳು.

ಸಂಜೆಯ ಕಾಫಿಯ ಹೊತ್ತಿನಲ್ಲಿ ಈ ಪತ್ರವನ್ನು ಗಟ್ಟಿಯಾಗಿ ಓದಿದವರು ನಮ್ಮ ಅಕ್ಕನವರು. ಅವರು ಹೊಸಕೋಟೆಯ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಉಪಾಧ್ಯಾಯಿನಿಯಾಗಿದ್ದು, ಈಗ ವಿಶ್ರಾಂತಿ ಪಡೆದು ವೈಟ್‌ಫೀಲ್ಡಿನ ನಮ್ಮ ಮನೆಯಲ್ಲಿಯೇ ಇರುವರು. ಪತ್ರವನ್ನು ಮಡಿಸಿ, "ನಮ್ಮ ದೇಶದಲ್ಲಿ ಇಂಥದೊಂದು ಇಲ್ಲವೇನಪ್ಪಾ?" ಎಂದು ಕೇಳಿದರು.

ನಾವಿರುವ ಕಡೆಯಲ್ಲಿ ನೀರೆಂದರೆ ಟ್ಯಾಂಕರಿನಲ್ಲಿ ಬರತಕ್ಕ ವಸ್ತು. ಇನ್ನು ಕೆರೆಯೆಂದರೆ ವರ್ತೂರು ಕೆರೆ. ೨೦೧೫ರಲ್ಲಿ ಅದರ ಕೋಡಿಯಿಂದ ಬಿಳಿಯ ನೊರೆಯೆದ್ದು, ಗಾಳಿಗೆ ಹಾರಿ, ರಸ್ತೆಯಲ್ಲಿ ಹೋಗುವವರ ಮೈಮೇಲೆ ಬಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರ ಮೇಲಣ ಬೆಳ್ಳಂದೂರು ಕೆರೆಯಂತೂ ಆ ವರ್ಷವೂ, ೨೦೧೭, ೨೦೧೮ರಲ್ಲಿಯೂ ಬೆಂಕಿ ಹತ್ತಿಕೊಂಡು ಉರಿದು, ನೀರು ಉರಿಯುವುದುಂಟೇ ಎಂದು ಲೋಕವೆಲ್ಲ ಬೆರಗಾಗುವಂತೆ ಮಾಡಿತು. ಇಂಥ ನೀರಿನ ಪಕ್ಕದಲ್ಲಿ ಬಾಳುವವರಿಗೆ, ನೀರಿನೊಳಗೆ ಮುಖವಿಟ್ಟು ಕಣ್ಣು ತೆರೆದು ನೋಡುವುದೆಂಬ ಮಾತೇ ಸೋಜಿಗವಾಗಿ ಕೇಳಿತು. ಹವಾಯಿ ದ್ವೀಪವು ನಮ್ಮ ಕೈಗೆ ನಿಲುಕತಕ್ಕದ್ದಲ್ಲ. ಆದರೆ ನೇತ್ರಾಣಿ ಇದೆ.

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ಪುಟ್ಟ ನಡುಗಡ್ಡೆ. ಮುರುಡೇಶ್ವರದಿಂದ ಕಡಲಿನಲ್ಲಿ ಸುಮಾರು ೧೯ ಕಿಲೋಮೀಟರು ದೂರ. ಆಂಗ್ಲರ ನಕಾಶೆಗಳಲ್ಲಿ ಇದಕ್ಕೆ ಪಾರಿವಾಳದ ದ್ವೀಪವೆಂಬ ಅರ್ಥದ ಹೆಸರಿದೆ. ಆಕಾಶದಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವುದೆಂದು ಚಿತ್ರಗಳಿಂದ ತಿಳಿಯುತ್ತದೆ. ದೋಣಿಯಲ್ಲಿ ಹೋಗುವವರಿಗೆ ಮಾತ್ರ ಅದು ನೀರಿನಿಂದ ನೆಟ್ಟಗೆ ಎದ್ದುನಿಂತ, ಕಾಡು ಹೊದ್ದ ಕಲ್ಲಿನ ಗುಡ್ಡ. ಬಿಳಿಹೊಟ್ಟೆಯ ಕಡಲ ಹದ್ದುಗಳು ಅಲ್ಲಿಯ ಎತ್ತರದ ಮರಗಳಲ್ಲಿ ಗೂಡು ಕಟ್ಟುವುವು. ಮೀನುಗಾರರು ಹರಕೆಯೊಪ್ಪಿಸಿ ಬಿಟ್ಟ ಆಡುಗಳ ಸಂತತಿಯು ಕಾಡುಬಿದ್ದು ಅಲ್ಲಿಯೇ ಬೆಳೆದಿದೆಯೆಂದು ಹೇಳುವರು. ಹನೌಮಾದಂತೆ ಇಲ್ಲಿ ಮರಳಿನ ದಂಡೆಯಿಲ್ಲ. ಪ್ರವಾಸಿಗಳು ದ್ವೀಪದ ಮೇಲೆ ಕಾಲಿಡುವಂತೆಯೂ ಇಲ್ಲ. ಗುಡ್ಡದ ಮರೆಯಲ್ಲಿ, ಅಲೆಯ ಹೊಡೆತ ಕಡಿಮೆಯಾದ ಕಡೆ ದೋಣಿಯನ್ನು ನಿಲ್ಲಿಸಿ, ನೇರವಾಗಿ ಸಮುದ್ರಕ್ಕೆ ಇಳಿಯಬೇಕು.

ಈ ಕಡೆಯ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಮಗನು (ಹನ್ನೆರಡು ವರ್ಷದವನು, ನಮ್ಮ ಕಟ್ಟಡದ ಈಜುಕೊಳದಲ್ಲಿ ಪದಕ ಗೆದ್ದವನು) ಹೊರಟು ನಿಂತನು. ಅಕ್ಕನವರಿಗೆ ಈಜು ಬಾರದು. ಆದರೂ ತಾವೂ ಬರುವುದಾಗಿ ಹೇಳಿದರು. ಒಂದು ತಿಂಗಳ ಕಾಲ ಈಜುಕೊಳದಲ್ಲಿ ಅಭ್ಯಾಸ ನಡೆಯಿತು. ಮೂಗಿನಿಂದ ಉಸಿರಾಡುವ ಅಭ್ಯಾಸವನ್ನು ಬಿಟ್ಟು ಬಾಯಿಯಿಂದಲೇ ಆಡುವುದು ಎಷ್ಟು ಕಷ್ಟವೆಂಬುದು ಮಾಡಿ ನೋಡಿದವರಿಗೇ ಗೊತ್ತು. ಕನ್ನಡಕದ ಗಾಜಿಗೆ ಮಂಜು ಕವಿಯದಂತೆ ಒಳಭಾಗಕ್ಕೆ ಸ್ವಲ್ಪ ಉಗುಳಿ ಉಜ್ಜಿ ತೊಳೆಯಬೇಕೆಂದು ತರಬೇತುದಾರನು ಹೇಳಿದಾಗ ಅಕ್ಕನವರ ಮುಖವು ಕಂದಿತು. ಊರವರೆಲ್ಲ ಕಚ್ಚಿದ ಕೊಳವೆಯನ್ನು ತಾವು ಕಚ್ಚುವುದಿಲ್ಲವೆಂದು ಹೇಳಿ ಒಂದು ಸ್ವಂತ ಕೊಳವೆಯನ್ನು ಕೊಂಡು, ಪ್ರತಿದಿನವೂ ಅದನ್ನು ಬಿಸಿನೀರಿನಲ್ಲಿ ತೊಳೆದು, ಅಡಿಗೆಮನೆಗೆ ಸೇರಿಸದೆ ಬೇರೆಯಾಗಿ ಗೂಟಕ್ಕೆ ತೂಗುಹಾಕುತ್ತಿದ್ದರು. ಎಂಜಲಿನ ವಿಷಯದಲ್ಲಿ ಅವರೊಡನೆ ವಾದಿಸುವುದರಲ್ಲಿ ಫಲವಿಲ್ಲವೆಂಬುದು ನಮ್ಮ ಹಳೆಯ ಅನುಭವ.

ಸಂಕ್ರಾಂತಿಯ ಹಿಂದಿನ ವಾರ, ಕಾರವಾರಕ್ಕೆ ಹೋಗುವ ರಾತ್ರಿಯ ರೈಲಿನಲ್ಲಿ ಹೊರಟು ಬೆಳಿಗ್ಗೆ ಮುರುಡೇಶ್ವರದಲ್ಲಿ ಇಳಿದೆವು. ೧೨೩ ಅಡಿ ಎತ್ತರದ ಶಿವನ ಮೂರ್ತಿಯನ್ನೂ ಇಪ್ಪತ್ತು ಅಂತಸ್ತುಗಳ ಗೋಪುರವನ್ನೂ ವರ್ಣಿಸಿದವರು ಬಹಳ ಮಂದಿಯಾದುದರಿಂದ ನಾವು ಆ ಗೋಜಿಗೆ ಹೋಗುವುದಿಲ್ಲ. ದರ್ಶನವಾದ ಮೇಲೆ ಅಕ್ಕನವರು ಕಡಲ ದಂಡೆಯಲ್ಲಿ ಬಹಳ ಹೊತ್ತು ಮಾತಿಲ್ಲದೆ ನಿಂತುಬಿಟ್ಟರು. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಈ ದಂಡೆಯಲ್ಲಿಯೇ ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ವರ್ಷ ವರ್ಷವೂ ಮಕ್ಕಳ ತಲೆಯೆಣಿಸುತ್ತ ಪ್ರವಾಸ ಕರೆದೊಯ್ದವರಿಗೆ ಆ ಸುದ್ದಿಯು ಹೇಗೆ ತಾಕಿರಬೇಕೆಂಬುದನ್ನು ನಾವು ಊಹಿಸಬಲ್ಲೆವು. ಆ ರಾತ್ರಿ ವಸತಿಗೃಹದಲ್ಲಿ ಅವರು ನಮ್ಮ ಮಗನನ್ನು ಕರೆದು, ದೋಣಿಯವರು ಹೇಳಿದ ಮಾತನ್ನು ಮೀರುವುದಿಲ್ಲವೆಂದು ಕೈಯಲ್ಲಿ ಕೈಯಿಟ್ಟು ಹೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಹೊರಟ ದೋಣಿಯು ನೇತ್ರಾಣಿಯನ್ನು ಮುಟ್ಟಲು ಒಂದೂವರೆ ಗಂಟೆ ಹಿಡಿಯಿತು. ದಾರಿಯಲ್ಲಿ ನಮ್ಮ ಮನೆಯವರಿಗೆ ಹೊಟ್ಟೆ ತೊಳಸಿ, ನಿಂಬೆಹಣ್ಣನ್ನು ಮೂಸುತ್ತ ಕುಳಿತವರು ಮರಳಿ ಬರುವವರೆಗೂ ಆ ಸ್ಥಳವನ್ನು ಬಿಡಲಿಲ್ಲ. ಮಾರ್ಗದರ್ಶಕನು ಆ ತೀರದ ಮೀನುಗಾರರ ಮನೆತನದ ತರುಣ. ಅಕ್ಕನವರು ಶಾಲೆಯಲ್ಲಿದ್ದವರೆಂದು ತಿಳಿದೊಡನೆ ಅವನು ಅವರನ್ನು ಆ ಸೀಮೆಯ ರೂಢಿಯಂತೆ "ಅಕ್ಕೋರೇ" ಎಂದು ಕರೆಯತೊಡಗಿದನು. ಎಲ್ಲರಿಗೂ ತೇಲುವ ಅಂಗಿಗಳನ್ನು ತೊಡಿಸಿ, ಬಿರಿಯಾಗಿ ಕಟ್ಟಿ, ಎರಡೆರಡು ಸಲ ಎಳೆದುನೋಡಿದನು. ಅವನ ಉಪದೇಶವು ಒಂಬತ್ತು ನಿಮಿಷದ್ದಲ್ಲ, ಒಂದು ನಿಮಿಷದ್ದು: "ಏನನ್ನೂ ಮುಟ್ಟಬೇಡಿ. ಕೆಳಗೆ ಕಾಲು ಊರಬೇಡಿ. ಹೆದರಿಕೆಯಾದರೆ ಕೈ ಎತ್ತಿ."

ಮೊದಲು ಧುಮುಕಿದವನು ನಮ್ಮ ಮಗ. ಧುಮುಕಿದ ಹತ್ತು ಎಣಿಕೆಗಳೊಳಗಾಗಿ ಕೈಯೆತ್ತಿದವನೂ ಅವನೇ. ಕೊಳದ ನೀರಿಗೆ ತಳವುಂಟು, ಗೋಡೆಯುಂಟು; ಇಲ್ಲಿ ಕೆಳಗೆ ನೋಡಿದರೆ ನೀಲಿ, ಇನ್ನೂ ನೀಲಿ. ಉಪ್ಪುನೀರು ಗಂಟಲಿಗೆ ಹೋಗಿ, ಕೆಮ್ಮುತ್ತ, ಏಣಿಯನ್ನು ಎರಡು ಕೈಗಳಿಂದಲೂ ಅಪ್ಪಿಕೊಂಡುಬಿಟ್ಟನು. ಅವನ ಕಣ್ಣಿನಲ್ಲಿದ್ದ ಭಯವನ್ನು ಕಂಡು, ಈ ಸಾಹಸಕ್ಕೆ ಮನೆಮಂದಿಯನ್ನೆಲ್ಲ ಎಳೆದುತಂದ ನಮ್ಮ ಬುದ್ಧಿಯನ್ನು ನಾವೇ ಹಳಿದುಕೊಂಡೆವು. ಆಗ ಅಕ್ಕನವರು ಸೆರಗಿಲ್ಲದ ಆ ವೇಷದ ಸಂಕೋಚವನ್ನೂ ಮರೆತು ಏಣಿಯಲ್ಲಿ ಮೆಲ್ಲಗೆ ಇಳಿದು, ಮಾರ್ಗದರ್ಶಕನು ಹಿಡಿದಿದ್ದ ರಬ್ಬರಿನ ಬಳೆಯನ್ನು ಒಂದು ಕೈಯಲ್ಲಿಯೂ ಹುಡುಗನ ಕೈಯನ್ನು ಇನ್ನೊಂದರಲ್ಲಿಯೂ ಹಿಡಿದುಕೊಂಡು, "ನನಗೂ ಹೆದರಿಕೆಯೇ ಕಣೋ. ಮೊದಲು ಮುಖ ಮಾತ್ರ ಇಡೋಣ" ಎಂದರು. ಇಬ್ಬರೂ ಮುಖವಿಟ್ಟರು. ಆಮೇಲೆ ಬಹಳ ಹೊತ್ತು ಇಬ್ಬರೂ ಮೇಲೇಳಲಿಲ್ಲ.

ಕೆಳಗಿನ ನೋಟವನ್ನು ಹೇಗೆ ಹೇಳೋಣ! ಬಿಸಿಲು ನೀರಿನೊಳಗೆ ಜರಿಯ ಎಳೆಗಳಂತೆ ಇಳಿದಿತ್ತು. ಬಂಡೆಗಳ ಮೇಲೆ ಹವಳವು ಗುಂಡುಗುಂಡಾಗಿ, ಮಡಿಕೆಮಡಿಕೆಯಾಗಿ, ಕೆಲವೆಡೆ ಜೇನುಹುಟ್ಟಿನಂತೆ ಹಬ್ಬಿತ್ತು. ಆಭರಣದ ಅಂಗಡಿಯ ಕೆಂಪು ಹವಳವನ್ನೇ ನೆನೆದು ಹೋದವರಿಗೆ ಇದು ಮೊದಲು ನಿರಾಶೆಯನ್ನು ಕೊಟ್ಟೀತು. ಕಂದು, ಹಸಿರು, ಮಾಸಿದ ಹಳದಿ ಇವೇ ಇಲ್ಲಿಯ ಬಣ್ಣಗಳು. ಆದರೆ ಅದರ ನಡುವೆ ಮೀನುಗಳು! ಹಳದಿಗೆ ಕಪ್ಪು ಪಟ್ಟೆಯ ಪುಟ್ಟ ಮೀನುಗಳು ನೂರಾರು ಒಟ್ಟಾಗಿ ನಮ್ಮ ಮುಖದ ಹತ್ತಿರಕ್ಕೇ ಬಂದು, ಒಂದೇ ಮನಸ್ಸಿನಂತೆ ತಿರುಗಿ ಹೋದುವು. ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ತಿರುಗುತ್ತಿದ್ದುವು. ಗಿಳಿಯ ಕೊಕ್ಕಿನಂಥ ಬಾಯುಳ್ಳ ಹಸಿರು ನೀಲಿಯ ಮೀನೊಂದು ಬಂಡೆಯನ್ನು ಕೆರೆಯುತ್ತಿತ್ತು. ಕಿವಿಯನ್ನು ನೀರಿನೊಳಗಿಟ್ಟು ಕೇಳಿದರೆ ಕರಕರನೆಂಬ ಸದ್ದೂ ಕೇಳಿಸಿತು. ಈ ಗಿಳಿಮೀನು ಹವಳದ ಕಲ್ಲನ್ನು ಅರೆದು ತಿಂದು ನುಣ್ಣಗಿನ ಮರಳಾಗಿ ಹೊರಬಿಡುವುದು. ಉಷ್ಣವಲಯದ ದ್ವೀಪಗಳ ಬಿಳಿಯ ಮರಳಿನಲ್ಲಿ ಬಹುಭಾಗವು ಇಂಥ ಮೀನುಗಳ ಹೊಟ್ಟೆಯಿಂದ ಬಂದುದೆಂದು ವಿಜ್ಞಾನಿಗಳು ಹೇಳುವರು. ಅಕ್ಕನವರಿಗೆ ಈ ವಿಷಯವನ್ನು ನಾವು ದೋಣಿಗೆ ಬಂದ ಮೇಲೆಯೇ ತಿಳಿಸಿದೆವು.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅಕ್ಕಿಕಾಳಿನಷ್ಟು ಗಾತ್ರದ ಅಸಂಖ್ಯಾತ ಪ್ರಾಣಿಗಳ ಊರು. ಅವು ಸುಣ್ಣವನ್ನು ಸ್ರವಿಸಿ ಮನೆ ಕಟ್ಟಿಕೊಳ್ಳುವುವು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯು ಬಾಡಿಗೆಗಿದ್ದು, ಬಿಸಿಲಿನಿಂದ ಆಹಾರವನ್ನು ತಯಾರಿಸಿ ಮನೆಯವರಿಗೆ ಬಡಿಸುವುದು. ಬಣ್ಣವೂ ಅದರದೇ. ಸಮುದ್ರದ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ನಿಂತರೆ, ಈ ಸಂಸಾರವು ಒಡೆಯುವುದು. ಪಾಚಿಯನ್ನು ಹೊರದಬ್ಬಿ ಹವಳವು ಎಲುಬಿನಂತೆ ಬೆಳ್ಳಗಾಗುವುದು. ತಾಪವು ಬೇಗ ಇಳಿದರೆ ಚೇತರಿಸಿಕೊಂಡೀತು; ಇಲ್ಲವಾದರೆ ಹಸಿವಿನಿಂದ ಸಾಯುವುದು. ೧೯೯೮ರಲ್ಲಿಯೂ ೨೦೧೦, ೨೦೧೬ರಲ್ಲಿಯೂ ನಮ್ಮ ದೇಶದ ಕಡಲುಗಳಲ್ಲಿ ಹೀಗಾಯಿತು. ೨೦೨೪ರ ಏಪ್ರಿಲಿನಲ್ಲಿ, ಭೂಮಂಡಲದಾದ್ಯಂತ ನಾಲ್ಕನೆಯ ಸಲ ಇಂಥ ವಿಪತ್ತು ನಡೆದಿದೆಯೆಂದು ವಿಜ್ಞಾನಿಗಳು ಸಾರಿದರು.

ಇಷ್ಟೆಲ್ಲ ಓದಿಕೊಂಡು ಹೋದ ನಾವೇ ಅಲ್ಲಿ ಮಾಡಿದ ಕೆಲಸವನ್ನು ವಾಚಕರಿಂದ ಮುಚ್ಚಿಡುವುದು ನ್ಯಾಯವಲ್ಲ. ಒಂದು ದೊಡ್ಡ ಕಡಲಾಮೆಯು ಬಂಡೆಯ ಮಗ್ಗುಲಲ್ಲಿ ಹಾಯ್ದುಹೋಯಿತು. ಅದರ ಬೆನ್ನು ಹತ್ತುವ ಆತುರದಲ್ಲಿ ನಾವು ತಗ್ಗುನೀರಿನ ಕಡೆಗೆ ತೇಲಿಹೋದೆವು. ಕನ್ನಡಕದೊಳಗೆ ನೀರು ನುಗ್ಗಿತು. ಗಾಬರಿಯಿಂದ ನಿಲ್ಲಲು ಹೋದೆವು. ಕಾಲಿಗೆ ಕಟ್ಟಿದ್ದ ರಬ್ಬರಿನ ರೆಕ್ಕೆಯು ಯಾವುದನ್ನೋ ತಾಗಿ ಕರಕ್ಕೆಂದಿತು. ಕನ್ನಡಕವನ್ನು ಸರಿಮಾಡಿಕೊಂಡು ನೋಡಿದರೆ, ಅಂಗೈಯಗಲದ ಹವಳವು ಒಡೆದು, ಒಳಗಿನ ಬಿಳುಪು ಹೊಸ ಗಾಯದಂತೆ ಕಾಣುತ್ತಿತ್ತು. ಚೂರುಗಳು ನಿಧಾನವಾಗಿ ಕೆಳಕ್ಕೆ ಇಳಿಯುತ್ತಿದ್ದುವು. ಆಮೆಯು ಹೋಗಿಯೇ ಹೋಯಿತು.

ದೋಣಿಗೆ ಬಂದು ತಪ್ಪನ್ನು ಒಪ್ಪಿಕೊಂಡಾಗ ಮಾರ್ಗದರ್ಶಕನು ಬೈಯಲಿಲ್ಲ. "ಆ ಜಾತಿಯದು ವರ್ಷಕ್ಕೆ ಒಂದು ಬೆರಳಿನ ಅಗಲವೂ ಬೆಳೆಯುವುದಿಲ್ಲ, ಸಾರ್" ಎಂದಷ್ಟೇ ಹೇಳಿ ಹಗ್ಗವನ್ನು ಸುತ್ತತೊಡಗಿದನು. ಅಷ್ಟಗಲವಾಗಲು ಹಿಡಿದಿದ್ದ ಕಾಲವನ್ನು ಲೆಕ್ಕ ಹಾಕಿ ನೋಡಿದರೆ ಹೆಚ್ಚು ಕಡಿಮೆ ನಮ್ಮ ಮಗನ ವಯಸ್ಸು. ಹುಡುಗನೂ ಅದೇ ಲೆಕ್ಕವನ್ನು ಹಾಕಿದನೆಂದು ತೋರುತ್ತದೆ. ನಮ್ಮ ಕಡೆ ನೋಡಿ ಮುಖ ತಿರುಗಿಸಿಕೊಂಡನು.

ಹವಳಕ್ಕೆ ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿ ಆನೆಗಳಿಗೆ ಕೊಟ್ಟಿರುವ ಸ್ಥಾನಕ್ಕೇ, ೨೦೦೧ರಲ್ಲಿ ದಂಡೆ ಕಟ್ಟುವ ಹವಳಗಳನ್ನೂ ಸೇರಿಸಿದರು. ಒಂದು ಚೂರನ್ನು ಜೇಬಿನಲ್ಲಿಟ್ಟು ತಂದರೂ ಅಪರಾಧವೇ. ಅಂಡಮಾನಿನ ವಂಡೂರಿನಲ್ಲಿ ೧೯೮೩ರಿಂದ ಸಾಗರ ರಾಷ್ಟ್ರೀಯ ಉದ್ಯಾನವಿದ್ದು, ಅಲ್ಲಿಯ ಜಾಲಿಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ಕನ್ನು ಒಯ್ಯಗೊಡುವುದಿಲ್ಲ. ಅದಕ್ಕೂ ರೆಡ್‌ಸ್ಕಿನ್ ಎಂಬ ನೆರೆಯ ದ್ವೀಪಕ್ಕೂ ಸರದಿಯ ಮೇಲೆ ವಿಶ್ರಾಂತಿ ಕೊಡುವರು. ನೇತ್ರಾಣಿಯ ಪಾಡು ಬೇರೆ. ನೌಕಾಪಡೆಯವರು ಗುಂಡಿನ ಗುರಿಯ ಅಭ್ಯಾಸಕ್ಕೆ ಇದೇ ದ್ವೀಪವನ್ನು ಉಪಯೋಗಿಸಿದ್ದುಂಟು. ಪಕ್ಷಿಪ್ರಿಯರೂ ವಿಜ್ಞಾನಿಗಳೂ ಅದಕ್ಕೆ ಆಕ್ಷೇಪವೆತ್ತಿದ್ದೂ ಉಂಟು. ಹನೌಮಾದಲ್ಲಿರುವಂಥ ಬಾಗಿಲಾಗಲಿ, ಚಲಚ್ಚಿತ್ರವಾಗಲಿ ನಮಗೆ ಇಲ್ಲಿ ಕಾಣಲಿಲ್ಲ. ಬಂದವರಿಗೆ ಬುದ್ಧಿ ಹೇಳುವ ಭಾರವೆಲ್ಲ ದೋಣಿಯ ಆ ತರುಣನಂಥವರ ಮೇಲೆ ಬಿದ್ದಿದೆ. ಒಂದು ನಿಮಿಷ ಸಾಲದೆಂಬುದಕ್ಕೆ ನಮ್ಮ ಕಾಲೇ ಸಾಕ್ಷಿ. ಆ ಒಂಬತ್ತು ನಿಮಿಷದ ಪಾಠವನ್ನು ಮುರುಡೇಶ್ವರದ ದಂಡೆಯಲ್ಲಿ ಕನ್ನಡದಲ್ಲಿ ತೋರಿಸಲು ಎಷ್ಟು ಖರ್ಚಾದೀತು?

ಹೋಗತಕ್ಕವರಿಗೆ ಎರಡು ಮಾತು. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಕಾಲ, ಅದರಲ್ಲಿಯೂ ಚಳಿಗಾಲದಲ್ಲಿ ನೀರು ತಿಳಿಯಾಗಿರುತ್ತದೆ. ಬೆಳಿಗ್ಗೆ ಹೊಟ್ಟೆ ಬಿರಿಯುವಂತೆ ತಿನ್ನಬೇಡಿ. ಮೈಗೆ ಹಚ್ಚುವ ಬಿಸಿಲಿನ ಲೇಪಗಳಲ್ಲಿ ಹವಳಕ್ಕೆ ಕೆಡುಕೆನ್ನಲಾದ ಎರಡು ರಾಸಾಯನಿಕಗಳ ಮಾರಾಟವನ್ನು ಹವಾಯಿಯವರು ೨೦೨೧ರಿಂದ ನಿಲ್ಲಿಸಿದ್ದಾರೆ. ಲೇಪಕ್ಕೆ ಬದಲಾಗಿ ತುಂಬುತೋಳಿನ ಅಂಗಿಯನ್ನು ತೊಟ್ಟರೆ ಯಾವ ತೊಂದರೆಯೂ ಇಲ್ಲ. ಹೃದ್ರೋಗ, ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ಇಳಿಯಕೂಡದು. ಮುಖ್ಯವಾಗಿ, ಈಜು ಬಲ್ಲೆನೆಂಬವರೂ ತೇಲುವ ಅಂಗಿಯನ್ನು ಬಿಚ್ಚಕೂಡದು.

ಮನೆಗೆ ಮರಳಿದ ಎರಡನೆಯ ದಿನ, ಪಾತ್ರೆ ತೊಳೆಯುತ್ತಿದ್ದ ಅಕ್ಕನವರು ನಲ್ಲಿಯನ್ನು ನಿಲ್ಲಿಸಿ, "ಈ ಸೋಪಿನ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಹುಡುಗನನ್ನು ಕೇಳಿದರು. ಅವನು ಶಾಲೆಯ ಭೂಪಟವನ್ನು ತಂದು ಹಾಸಿದನು. ವರ್ತೂರು ಕೆರೆಯ ಕೋಡಿಯ ನೀರು ದಕ್ಷಿಣ ಪಿನಾಕಿನಿಗೆ ಸೇರುವುದು; ಆ ನದಿಯು ತಮಿಳುನಾಡಿನಲ್ಲಿ ಹರಿದು ಕಡಲೂರಿನ ಬಳಿ ಬಂಗಾಳಕೊಲ್ಲಿಗೆ ಬೀಳುವುದು. ಇಬ್ಬರೂ ಬೆರಳಿಟ್ಟು ಕಡೆಯವರೆಗೆ ಹೋದರು. "ಹಾಗಾದರೆ ನೇತ್ರಾಣಿಯ ಕಡಲಿಗೆ ಬೀಳುವುದಿಲ್ಲ" ಎಂದು ಹುಡುಗನು ಸಮಾಧಾನಪಟ್ಟನು. ಅಕ್ಕನವರು ಬೆರಳನ್ನು ಕಡಲೂರಿನಿಂದ ತೆಗೆಯದೆ, "ಅಲ್ಲಿಯೂ ಮೀನಿರುತ್ತವೆ ಕಣೋ" ಎಂದು ಹೇಳಿ, ಉಳಿದ ಪಾತ್ರೆಗಳಿಗೆ ಸೋಪಿನ ಬದಲು ಸೀಗೆಪುಡಿಯನ್ನು ಹಾಕಿಕೊಂಡರು. ಅವರ ಕೊಳವೆಯು ಗೂಟದಲ್ಲಿಯೇ ಇದೆ. ಅಕ್ಟೋಬರಿನಲ್ಲಿ ದೋಣಿಗಳು ಎಂದು ಹೊರಡುವುವೆಂದು ಮಾರ್ಗದರ್ಶಕನನ್ನು ಅವರು ಈಗಾಗಲೇ ಕೇಳಿಯಾಗಿದೆ.