ಕಡಲಾಚೆಯ ಕಾಯಕಕ್ಕೆ ಹೊರಡುವ ಮುನ್ನ

1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದಾಗ ನಮ್ಮ ಹಳ್ಳಿಯ ಮಕ್ಕಳಿಗೆ ಪ್ರೌಢಶಿಕ್ಷಣವೇ ದೂರದ ಮಾತಾಗಿತ್ತು. ಇಂದು ಖಾನಾಪುರದ ರೈತಮನೆಯ ಮಕ್ಕಳೂ ಕಂಪ್ಯೂಟರ್ ಉದ್ಯೋಗವನ್ನರಸಿ ಅಮೆರಿಕೆಯತ್ತ ನೋಡುತ್ತಿದ್ದಾರೆ. ಇದು ನಮಗೆಲ್ಲ ಹೆಮ್ಮೆಯೇ ಸರಿ.

ಆದರೆ ಹೆತ್ತವರು ಕೆಲವು ಸಂಗತಿಗಳನ್ನು ಅರಿತಿರಬೇಕು. ಬಿ-1 ಎಂಬ ಭೇಟಿಯ ವೀಸಾದ ಮೇಲೆ ಹೋಗಿ ಅಲ್ಲಿ ಸಂದರ್ಶನಕ್ಕೆ ಹಾಜರಾಗಬಹುದು, ದುಡಿಯುವಂತಿಲ್ಲ. ದುಡಿಯಲು ಬೇಕಾದ ಎಚ್-1ಬಿ ವೀಸಾಕ್ಕೆ ಮೊದಲ ಅರ್ಜಿ ಸಲ್ಲಿಸತಕ್ಕದ್ದು ಕೆಲಸ ಕೊಡುವ ಕಂಪನಿಯೇ ಹೊರತು ಅಭ್ಯರ್ಥಿಯಲ್ಲ. ಅದಕ್ಕೆ ವಾರ್ಷಿಕ ಮಿತಿಯೂ ಉಂಟು. ನಮ್ಮಲ್ಲಿಯ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕವೂ ತೆರಿಗೆ ಹೊರತಾಗಿ 30,000 ರೂಪಾಯಿಗೆ ಮೀರುವಂತಿಲ್ಲ.

ಆದುದರಿಂದ ವೀಸಾ ಕೊಡಿಸುವೆವೆಂಬವರ ಮಾತಿಗೆ ಹೊಲವನ್ನು ಒತ್ತೆಯಿಡುವ ಮುನ್ನ ಕಂಪನಿಯ ನೇಮಕಾತಿ ಪತ್ರವನ್ನು ಕಣ್ಣಾರೆ ಕಾಣೋಣ. ಸತ್ಯಶುದ್ಧ ಕಾಯಕಕ್ಕೆ ಕಳ್ಳದಾರಿ ಸಲ್ಲದು.