ಪೆನ್‌ಡ್ರೈವ್ ಎಲ್ಲಿದೆ? ಕಂಪ್ಯೂಟರನ್ನೇ ಕೇಳಿ!

ನಾಗಸಂದ್ರ, ದಾಸರಹಳ್ಳಿ, ಪೀಣ್ಯ ಎಂದೊಡನೆ ತುಮಕೂರು ರಸ್ತೆಯ ಲಾರಿಗಳೂ ಲೇತ್ ಯಂತ್ರಗಳ ಸದ್ದೂ ನೆನಪಾಗುತ್ತವೆ. 2015ರ ಮೇ 1ರಂದು ಮೆಟ್ರೊ ರೈಲು ನಾಗಸಂದ್ರಕ್ಕೆ ಬಂತು. 2024ರ ನವೆಂಬರ್‌ನಲ್ಲಿ ಮಾದಾವರದವರೆಗೂ ಓಡತೊಡಗಿತು. ಈ ದಾರಿಯಲ್ಲಿ ಓಡಾಡುವ ಐ.ಟಿ.ಐ., ಡಿಪ್ಲೊಮಾ ವಿದ್ಯಾರ್ಥಿಗಳ ಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ಪೆನ್‌ಡ್ರೈವೂ ಇರುವುದು ಸಾಮಾನ್ಯ. ಕಾಲೇಜಿನಲ್ಲಿ ಬರೆದ ಡ್ರಾಯಿಂಗ್ ಮನೆಗೆ ಬರುವುದು ಅದರಲ್ಲೇ. ಸಣ್ಣ ಕಾರ್ಖಾನೆಯ ಸಿ.ಎನ್.ಸಿ. ಯಂತ್ರಕ್ಕೆ ಪ್ರೋಗ್ರಾಂ ಹೋಗುವುದೂ ಎಷ್ಟೋ ಕಡೆ ಅದರಲ್ಲೇ. ಹೊಸದರ ಬದಲು ಹಳೆಯ ಪ್ರೋಗ್ರಾಂ ಯಂತ್ರಕ್ಕೆ ಹೋಯಿತೆನ್ನಿ, ಕಬ್ಬಿಣದ ತುಂಡು ಹಾಳು. ಟೂಲ್ ಮುರಿದರೂ ಆಶ್ಚರ್ಯವಿಲ್ಲ.

ದಿನವೂ ಕೈಯಿಂದ ನಕಲು ಮಾಡುವ ಬೇಸರಕ್ಕೆ ಹಲವರು ಒಂದು ಸ್ಕ್ರಿಪ್ಟ್ ಬರೆದಿಡುತ್ತಾರೆ. ಸ್ಕ್ರಿಪ್ಟ್ ಎಂದರೆ ಬೇರೇನಲ್ಲ, ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಪಟ್ಟಿ. ಅದರಲ್ಲಿ ‘ಇ ಡ್ರೈವಿಗೆ ನಕಲು ಮಾಡು’ ಎಂದು ಬರೆದಿರುತ್ತದೆ. ಕಾಲೇಜಿನಲ್ಲಿ ಇ ಆಗಿದ್ದ ಪೆನ್‌ಡ್ರೈವ್ ಮನೆಯಲ್ಲಿ ಎಫ್ ಆದರೆ ಗತಿಯೇನು? ಇ ಎಂಬ ಡ್ರೈವೇ ಇಲ್ಲದಿದ್ದರೆ ಕೆಲಸ ಕೆಡುತ್ತದೆ, ಅಷ್ಟೆ. ಆ ಜಾಗದಲ್ಲಿ ಬೇರೊಬ್ಬರ ಡ್ರೈವ್ ಇದ್ದು, ‘ಮೊದಲು ಹಳೆಯದನ್ನು ಅಳಿಸು’ ಎಂದೂ ಪಟ್ಟಿಯಲ್ಲಿದ್ದರೆ ಅವರ ವರ್ಷದ ಶ್ರಮ ನೀರುಪಾಲು.

ಅಕ್ಷರ ಏಕೆ ಬದಲಾಗುತ್ತದೆ?

1981ರಲ್ಲಿ ಎಂ.ಎಸ್.-ಡಾಸ್ ಬಂದಾಗ ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲು. ಬಳಿಕ ಬಂದ ಹಾರ್ಡ್‌ಡಿಸ್ಕಿಗೆ ಸಿ ದಕ್ಕಿತು. ಫ್ಲಾಪಿ ಹೋಯಿತು, ಸಿ ಮಾತ್ರ ಉಳಿಯಿತು. ಹೊಸದಾಗಿ ಬಂದ ಪೆನ್‌ಡ್ರೈವಿಗೆ ವಿಂಡೋಸ್ ಖಾಲಿ ಇರುವ ಅಕ್ಷರವೊಂದನ್ನು ಕೊಡುತ್ತದೆ. ಲಾಡ್ಜಿನಲ್ಲಿ ಖಾಲಿ ಇರುವ ರೂಮಿನ ಕೀಲಿ ಕೊಟ್ಟಂತೆ! ಒಮ್ಮೆ ಕೊಟ್ಟ ಅಕ್ಷರವನ್ನು ಅದು ನೆನಪಿಟ್ಟುಕೊಳ್ಳುವುದುಂಟು. ಆದರೆ ಆ ನೆನಪು ಆ ಒಂದು ಕಂಪ್ಯೂಟರಿನದು, ಪೆನ್‌ಡ್ರೈವಿನದಲ್ಲ.

ಎರಡು ಉಪಾಯಗಳು

ಸ್ಕ್ರಿಪ್ಟ್ ಪೆನ್‌ಡ್ರೈವಿನೊಳಗೇ ಇದ್ದರೆ ಕೆಲಸ ಸುಲಭ. ಬ್ಯಾಚ್ ಫೈಲಿನಲ್ಲಿ ಶೇಕಡಾ ಚಿಹ್ನೆ, ಟಿಲ್ಡೆ ಎಂಬ ಅಲೆಗೆರೆ, ಡಿ, ಪಿ, ಸೊನ್ನೆ ಇವಿಷ್ಟನ್ನು ಜಾಗ ಬಿಡದೆ ಬರೆಯಬೇಕು. ಸೊನ್ನೆ ಎಂದರೆ ‘ಈ ಸ್ಕ್ರಿಪ್ಟೇ’, ಡಿ ಎಂದರೆ ಅದಿರುವ ಡ್ರೈವ್, ಪಿ ಎಂದರೆ ಫೋಲ್ಡರಿನ ದಾರಿ. ‘ನಾನು ಎಲ್ಲಿದ್ದೇನೆ?’ ಎಂದು ಸ್ಕ್ರಿಪ್ಟ್ ತನ್ನನ್ನೇ ಕೇಳಿಕೊಂಡ ಹಾಗೆ.

ಸ್ಕ್ರಿಪ್ಟ್ ಕಂಪ್ಯೂಟರಿನಲ್ಲಿದ್ದರೆ ಪೆನ್‌ಡ್ರೈವನ್ನು ಹೆಸರಿನಿಂದ ಹುಡುಕಬೇಕು. ಮೊದಲು ಅದಕ್ಕೊಂದು ಹೆಸರಿಡಿ. ಫ್ಯಾಟ್-32 ಡ್ರೈವಿನಲ್ಲಿ 11 ಅಕ್ಷರಗಳವರೆಗೆ ಅವಕಾಶವಿದೆ. ಆಮೇಲೆ ಪವರ್‌ಶೆಲ್‌ನ ಗೆಟ್-ವಾಲ್ಯೂಮ್ ಆದೇಶದಿಂದ ಆ ಹೆಸರಿನ ಡ್ರೈವಿಗೆ ಯಾವ ಅಕ್ಷರ ಸಿಕ್ಕಿದೆಯೆಂದು ಕೇಳಬಹುದು. ಹಳೆಯ ಪಾಠಗಳಲ್ಲಿ ಬರುವ ಡಬ್ಲ್ಯು.ಎಂ.ಐ.ಸಿ. ಆದೇಶವನ್ನು ಹೊಸ ವಿಂಡೋಸ್ 11ರಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ವಿಂಡೋಸ್ ಡ್ರೈವುಗಳಿಗೆ ಜಾತಿಸಂಖ್ಯೆಯನ್ನೂ ಕೊಟ್ಟಿದೆ: 2 ಎಂದರೆ ತೆಗೆಯಬಹುದಾದದ್ದು, 3 ಸ್ಥಿರ ಡಿಸ್ಕ್, 5 ಸಿ.ಡಿ. ಇದೊಂದನ್ನೇ ನಂಬುವಂತಿಲ್ಲ. ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ 3 ಎಂದೇ ತೋರಿಸುತ್ತದೆ. ಎರಡು ಪೆನ್‌ಡ್ರೈವ್ ಚುಚ್ಚಿದ್ದರೆ ಎರಡೂ 2.

ಲಿನಕ್ಸ್‌ನಲ್ಲಿ ಈ ಅಕ್ಷರಗಳ ಗೋಜಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಸೇರಿದಂತೆ ಕೇರಳದ ಶಾಲೆಗಳವರು ಕಲಿಯುವುದು ಉಬುಂಟು ಆಧಾರಿತ ಕೈಟ್ ಲಿನಕ್ಸ್‌ನಲ್ಲಿ. ಉಬುಂಟುವಿನಲ್ಲಿ ‘ಮೀಡಿಯಾ’ ಫೋಲ್ಡರಿನೊಳಗೆ, ಬಳಕೆದಾರರ ಹೆಸರಿನಡಿ, ಪೆನ್‌ಡ್ರೈವ್ ತನ್ನ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತದೆ.

ಸಿಗದಿದ್ದರೆ ನಿಲ್ಲಲಿ

ಹುಡುಕಿದ ಹೆಸರಿನ ಡ್ರೈವ್ ಒಂದೇ ಸಿಕ್ಕಿದರೆ ಮಾತ್ರ ಸ್ಕ್ರಿಪ್ಟ್ ಮುಂದುವರಿಯಬೇಕು. ಒಂದೂ ಸಿಗದಿದ್ದರೆ, ಎರಡು ಸಿಕ್ಕಿದರೆ, ಊಹೆ ಮಾಡದೆ ನಿಂತು ಹೇಳಬೇಕು. ಅಳಿಸುವ ಆದೇಶವಿದ್ದರಂತೂ ಈ ಪರೀಕ್ಷೆ ತಪ್ಪಿಸಲೇಬಾರದು.

ಪಾಲಕರಿಗೂ ಒಂದು ಮಾತು. ಮಕ್ಕಳ ಪ್ರಾಜೆಕ್ಟ್ ಪೆನ್‌ಡ್ರೈವೊಂದರಲ್ಲೇ ಇರದಂತೆ ನೋಡಿಕೊಳ್ಳಿ. ಇನ್ನೊಂದು ಪ್ರತಿ ಮನೆಯ ಕಂಪ್ಯೂಟರಿನಲ್ಲೋ ಬೇರೆ ಡ್ರೈವಿನಲ್ಲೋ ಇರಲಿ. ಪರೀಕ್ಷೆಯ ಹಿಂದಿನ ರಾತ್ರಿ ಪರದಾಡುವುದು ತಪ್ಪುತ್ತದೆ.